ಗೋವೈದ್ಯ, ಅರಿಶಿನ ಮತ್ತು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ: ಕಲ್ಯಾಣ ಸೀಮೆಯ ನೆಲೆಯಿಂದ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವನ್ನು (ಇಂದಿನ ಬಸವಕಲ್ಯಾಣ) ನಾವು ಶರಣರಿಗಾಗಿ ನೆನೆಯುತ್ತೇವೆ, ದನದ ಮದ್ದಿಗಾಗಿ ನೆನೆಯುವುದಿಲ್ಲ. ಆದರೆ 12ನೆಯ ಶತಮಾನದ ಆರಂಭದ ಆಸುಪಾಸಿನಲ್ಲಿ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದ ಕೀರ್ತಿವರ್ಮ ಅದೇ ಚಾಲುಕ್ಯ ವಂಶದ ರಾಜಕುಮಾರ. ಆ ಕೃತಿಯಲ್ಲಿ ಮದ್ದಿನ ಜೊತೆ ಮಂತ್ರ, ಯಂತ್ರಗಳೂ ಬೆರೆತಿವೆ. 1150ರ ಸುಮಾರಿಗೆ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಿಸಿದ; ಜೈನನಾದ ಅವನು ಮದ್ಯ ಮಾಂಸಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟ. ಈ ಗ್ರಂಥಗಳಲ್ಲಿ ಆಧುನಿಕ ಆಂಟಿಬಯಾಟಿಕ್‌ಗಳ ಮುನ್ಸೂಚನೆಯನ್ನು ಹುಡುಕುವ ಉತ್ಸಾಹ ಈಚೆಗೆ ಹೆಚ್ಚಿದೆ. ನಾನು ಅದನ್ನು ಒಪ್ಪಲಾರೆ. ಬಳಕೆ ಹಳೆಯದು ಎಂಬುದಕ್ಕೆ ಗ್ರಂಥ ಸಾಕ್ಷಿಯಾಗಬಲ್ಲದು. ಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರಯೋಗಶಾಲೆಯೇ ಸಾಕ್ಷಿ ಹೇಳಬೇಕು.

ಅರಿಶಿನದ ಕಥೆಯನ್ನೇ ನೋಡಿ. ಅದರ ಹಳದಿ ವಸ್ತು ಕರ್ಕ್ಯುಮಿನ್ 1815ರಲ್ಲಿ ಬೇರ್ಪಟ್ಟಿತು. ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು ‘ನೇಚರ್’ ಪತ್ರಿಕೆಯಲ್ಲಿ ವರದಿಯಾದದ್ದು 1949ರಲ್ಲಿ. ಬ್ಯಾಕ್ಟೀರಿಯಾ ಕೋಶ ಎರಡಾಗುವಾಗ ನಡುವೆ ಉಂಗುರ ಕಟ್ಟುವ ಎಫ್‌ಟಿಎಸ್‌ಜೆಡ್ ಎಂಬ ಪ್ರೋಟೀನಿನ ಜೋಡಣೆಯನ್ನು ಕರ್ಕ್ಯುಮಿನ್ ಕೆಡಿಸುತ್ತದೆಂದು ಮುಂಬೈ ಐಐಟಿಯ ಸಂಶೋಧಕರು 2008ರಲ್ಲಿ ತೋರಿಸಿದರು. 2017ರಲ್ಲಿ ಔಷಧ ರಸಾಯನಜ್ಞರು ಗಟ್ಟಿಯಾದ ಆಕ್ಷೇಪ ಎತ್ತಿದರು: ಈ ವಸ್ತು ಪರೀಕ್ಷೆಗಳನ್ನೇ ದಾರಿ ತಪ್ಪಿಸಬಲ್ಲದು, ನುಂಗಿದರೆ ರಕ್ತಕ್ಕೆ ಸೇರುವುದು ತೀರ ಕಡಿಮೆ. ಅರಿಶಿನದ ಬಗ್ಗೆ ಬರೆಯುವವರು ಈ ಆಕ್ಷೇಪವನ್ನು ಮುಚ್ಚಿಡಬಾರದು.

ಹೆಚ್ಚು ಭರವಸೆ ಹುಟ್ಟಿಸುವ ದಾರಿ ಬೇರೆಯಿದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ತನ್ನ ಪೊರೆಯಲ್ಲಿ ನಾರ್‌ಎ ಎಂಬ ಪಂಪನ್ನು ಇಟ್ಟುಕೊಂಡಿದೆ. ಒಳಗೆ ಬಂದ ನಾರ್‌ಫ್ಲಾಕ್ಸಾಸಿನ್‌ನಂಥ ಔಷಧವನ್ನು, ಮರದರಿಶಿನದಲ್ಲೂ ಇರುವ ಬರ್ಬೆರಿನ್ ಎಂಬ ವಸ್ತುವನ್ನು ಅದು ಹೊರಗೆ ದೂಡುತ್ತದೆ. ಹಾಗಾಗಿ ಬರ್ಬೆರಿನ್ ಒಂಟಿಯಾಗಿ ದುರ್ಬಲ. 2000ದಲ್ಲಿ ಅಮೆರಿಕದ ಸಂಶೋಧಕರು ಕಂಡದ್ದು ಕುತೂಹಲಕರ: ಬರ್ಬೆರಿನ್ ತಯಾರಿಸುವ ಬರ್ಬೆರಿಸ್ ಗಿಡಗಳೇ ಈ ಪಂಪನ್ನು ಕಟ್ಟಿಹಾಕುವ ಇನ್ನೊಂದು ವಸ್ತುವನ್ನೂ ತಯಾರಿಸುತ್ತವೆ. ಅದರ ಹೆಸರು ಮೆಥಾಕ್ಸಿಹಿಡ್ನೊಕಾರ್ಪಿನ್; ಕುಷ್ಠಕ್ಕೆ ಹಚ್ಚುತ್ತಿದ್ದ ಚಾಲ್ಮೂಗ್ರಾ ಎಣ್ಣೆಯಲ್ಲಿ ಅಲ್ಪ ಪ್ರಮಾಣದಲ್ಲಿ ಅದು ಮೊದಲೇ ಪತ್ತೆಯಾಗಿತ್ತು. ಸ್ವತಃ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಜೊತೆಗಾರನಿಗೆ ಒಳಗೆ ನಿಲ್ಲಲು ಅವಕಾಶ ಮಾಡಿಕೊಡುತ್ತದೆ. ಕರಿಮೆಣಸಿನ ಪೈಪರಿನ್ ಕೂಡ ಸಿಪ್ರೊಫ್ಲಾಕ್ಸಾಸಿನ್‌ಗೆ ಇಂಥದೇ ಬೆಂಬಲ ಕೊಡುತ್ತದೆಂದು ಜಮ್ಮುವಿನ ಪ್ರಯೋಗಾಲಯ 2006ರಲ್ಲಿ ವರದಿ ಮಾಡಿತು. ಗಿಡದಿಂದ ಒಂದೇ ಅಣುವನ್ನು ಹೆಕ್ಕಿ, ಅದು ಸಪ್ಪೆಯೆಂದು ಪಕ್ಕಕ್ಕಿಟ್ಟ ಎಷ್ಟೋ ಪರೀಕ್ಷೆಗಳನ್ನು ಈ ಬೆಳಕಿನಲ್ಲಿ ಮತ್ತೆ ಮಾಡಬೇಕಿದೆ.

ಹಿಂದೆ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಹುಲಸೂರಿಗೂ, ಪಕ್ಕದ ಹುಮನಾಬಾದಿಗೂ ಈ ಬ್ಯಾಕ್ಟೀರಿಯಾ ದೂರದ ಮಾತಲ್ಲ. ಇದು ದೇವಣಿ ಎಂಬ ದನದ ತಳಿಯ ಸೀಮೆ. ದನಗಳ ಕೆಚ್ಚಲು ಬಾವಿಗೆ ಮುಖ್ಯ ಕಾರಣಗಳಲ್ಲಿ ಅದೇ ಸ್ಟ್ಯಾಫಿಲೊಕಾಕಸ್ ಒಂದು. ಕೊಟ್ಟ ಆಂಟಿಬಯಾಟಿಕ್ ಹಾಲಿನಲ್ಲಿ ಉಳಿಯುತ್ತದೆ, ಮದ್ದಿಗೆ ಬಗ್ಗದ ತಳಿಗಳು ಕೊಟ್ಟಿಗೆಯಿಂದ ಮನೆಗೂ ಬರಬಲ್ಲವು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದಂತೆ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಇಂಥ ಭಯದಿಂದಲೇ.

ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಕೆಚ್ಚಲು ಬಾವಿಗಾಗಿ ಹಳ್ಳಿಗಳಿಗೆ ಮುಟ್ಟಿಸಿರುವ ಲೇಪ ಸರಳವಾದದ್ದು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ರುಬ್ಬಿದರೆ ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಹಾಲನ್ನೆಲ್ಲ ಹಿಂಡಿ ತೆಗೆದು, ಕೆಚ್ಚಲು ತೊಳೆದು, ನೀರಿನಲ್ಲಿ ತೆಳುಮಾಡಿದ ಲೇಪವನ್ನು ದಿನಕ್ಕೆ 10 ಸಲದಂತೆ 5 ದಿನ ಹಚ್ಚಬೇಕು. ಹೊರಗೆ ಹಚ್ಚುವ ಮದ್ದಾದ್ದರಿಂದ ಕರುಳಿನಲ್ಲಿ ಹೀರಿಕೆಯಾಗದೆಂಬ ಆಕ್ಷೇಪ ಇಲ್ಲಿಗೆ ತಾಗುವುದಿಲ್ಲ. ಆದರೆ ಬಾವು ಇಳಿಯುವುದು ಬೇರೆ, ಬ್ಯಾಕ್ಟೀರಿಯಾ ಸಾಯುವುದು ಬೇರೆ. ಇವೆರಡನ್ನೂ ಬಿಡಿಸಿ ನೋಡಲು ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಹುಲಸೂರ ಸುತ್ತಿನ ದೇವಣಿ ಹಸುಗಳ ಹಾಲನ್ನು ಲೇಪಕ್ಕೆ ಮುಂಚೆ, ಲೇಪದ ನಂತರ ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು. ಲೇಪದ ಒಂದೊಂದು ಸಾಮಗ್ರಿಯನ್ನೂ ಬಿಡಿಯಾಗಿ, ಜೊತೆಯಾಗಿ, ಆಮೇಲೆ ಆಂಟಿಬಯಾಟಿಕ್‌ನೊಂದಿಗೆ ಸೇರಿಸಿ ಪರೀಕ್ಷಿಸಬೇಕು.