ಘಾಟಿಯ ಇಳಿಜಾರು, ಬ್ರೇಕಿನೊಳಗಿನ ಗಾಳಿ

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಅಲ್ಲಿಂದ ಮಂಗಳೂರಿನತ್ತ ಮೋಟಾರ್ ಸೈಕಲಿನಲ್ಲಿ ಹೊರಟರೆ, ಶಿರಾಡಿ ಘಾಟಿಯ ತಿರುವುಗಳನ್ನು ಕೆಂಪುಹೊಳೆಯ ಜೊತೆಜೊತೆಗೇ ಇಳಿದು ನೀವು ಗುಂಡ್ಯ ಸೇರುತ್ತೀರಿ. ಸುಬ್ರಹ್ಮಣ್ಯದ ದಾರಿ ಕವಲೊಡೆಯುವುದು ಇಲ್ಲಿಯೇ. ಇಷ್ಟು ಎತ್ತರದಿಂದ ಇಳಿಯುವ ಗಾಡಿಯ ಓಟದ ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಕರಗಬೇಕು. ಆ ಶಾಖವನ್ನು ತಾಳಿಕೊಳ್ಳುವ ಪ್ರಯತ್ನವೇ ಬ್ರೇಕಿನ ಚರಿತ್ರೆ ಎಂದರೂ ನಡೆದೀತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅವುಗಳದ್ದು ಡ್ರಮ್ ಬ್ರೇಕು. ಟೂ ಸ್ಟ್ರೋಕ್ ಎಂಜಿನ್ನಿಗೆ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವ ಶಕ್ತಿ ಕಡಿಮೆ. ಹೊರೆಯೆಲ್ಲ ಬ್ರೇಕಿನ ಮೇಲೆ. ಡ್ರಮ್ ಕಾದರೆ ಹಿಡಿತ ಸಡಿಲ. ಆದರೆ ಅಲ್ಲಿ ಕೇಬಲ್ಲು, ಸರಳುಗಳದೇ ಕೆಲಸ. ಎಣ್ಣೆಯ ಮಾತೇ ಇರಲಿಲ್ಲ. ನಟ್ಟು ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು.

೧೯೬೯ರಲ್ಲಿ ಜಪಾನಿನ ಹೋಂಡಾ ಸಿಬಿ ೭೫೦ ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕನ್ನು ತಂದಿತು. ನಮ್ಮಲ್ಲಿ ಅದು ಸಾಮಾನ್ಯವಾದದ್ದು ೨೦೦೦ದ ನಂತರ. ದ್ರವವನ್ನು ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಗುಳ್ಳೆ ಸೇರಿತೋ, ಲಿವರು ಮೆತ್ತಗಾಗುತ್ತದೆ. ಗ್ಯಾರೇಜಿನವರು ‘ಏರ್ ಹಿಡಿದಿದೆ’ ಎನ್ನುವುದು ಇದಕ್ಕೇ. ಬ್ರೇಕ್ ಆಯಿಲ್ ತೇವವನ್ನೂ ಹೀರಿಕೊಳ್ಳುತ್ತದೆ. ಡಾಟ್ ೪ ಆಯಿಲ್ ಹೊಸದಿದ್ದಾಗ ಕನಿಷ್ಠ ೨೩೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೂರಕ್ಕೆ ೩.೭ ಭಾಗ ನೀರು ಸೇರಿದರೆ ಆ ಮಿತಿ ೧೫೫ಕ್ಕೆ ಇಳಿಯುತ್ತದೆ. ಕುದಿದ ಆಯಿಲ್ ಆವಿಯ ಗುಳ್ಳೆಯಾದರೆ, ಘಾಟಿಯ ನಡುವೆ ಲಿವರು ಹಿಡಿಕೆಯವರೆಗೆ ಬಂದರೂ ಗಾಡಿ ನಿಲ್ಲುವುದಿಲ್ಲ.

೧೯೮೮ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕೆ ೧೦೦ಕ್ಕೆ ಎಬಿಎಸ್ ಬಂತು. ಹೊಸೂರಿನ ಟಿವಿಎಸ್ ೨೦೧೧ರಲ್ಲಿ ಅಪಾಚೆ ಆರ್‌ಟಿಆರ್ ೧೮೦ಕ್ಕೆ ಅದನ್ನು ಅಳವಡಿಸಿತು. ೨೦೧೯ರ ಏಪ್ರಿಲ್ ೧ರಿಂದ ೧೨೫ ಸಿಸಿ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಕಡ್ಡಾಯವಾಯಿತು. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಚಕ್ರ ಬಿಗಿದು ಜಾರದಂತೆ ಇದು ಒತ್ತಡವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಮತ್ತೆ ಕೊಡುತ್ತದೆ. ದೊಡ್ಡ ಉಪಕಾರವೇ ಸರಿ. ಆದರೆ ಹಳತಾದ ಆಯಿಲನ್ನು ಹೊಸದು ಮಾಡಲು ಅದಕ್ಕೆ ಬಾರದು. ಅಷ್ಟೇ ಅಲ್ಲ, ಗಾಳಿ ಅಡಗಲು ಇನ್ನೊಂದು ಮೂಲೆಯನ್ನೂ ಅದು ಒದಗಿಸಿದೆ.

ಏರ್ ತೆಗೆಯುವ ಕ್ರಮ ಹಳೆಯದೇ. ಕ್ಯಾಲಿಪರಿನ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಲಿವರು ಒತ್ತಿ ಹಿಡಿದು ನಿಪ್ಪಲು ಸಡಿಲಿಸಬೇಕು. ಗುಳ್ಳೆ ಹೊರಬಂದ ಮೇಲೆ ನಿಪ್ಪಲು ಬಿಗಿಮಾಡಿ, ನಂತರವೇ ಲಿವರು ಬಿಡಬೇಕು. ಎಬಿಎಸ್ ಇರುವ ಅನೇಕ ಗಾಡಿಗಳಲ್ಲೂ ಆಯಿಲ್ ಬದಲಿಸಲು ಇಷ್ಟೇ ಸಾಕು. ಆದರೆ ಮೇಲಿನ ಡಬ್ಬಿ ಬರಿದಾಗಿ ಗಾಳಿ ಎಬಿಎಸ್ ಘಟಕದ ಮುಚ್ಚಿದ ವಾಲ್ವುಗಳ ಹಿಂದೆ ಸೇರಿತೆಂದರೆ ಲಿವರು ಒತ್ತಿ ಪ್ರಯೋಜನವಿಲ್ಲ. ಕಂಪ್ಯೂಟರು ಜೋಡಿಸಿ ಆ ವಾಲ್ವುಗಳನ್ನು ತೆರೆಯಿಸಬೇಕಾಗುತ್ತದೆ. ಆದ್ದರಿಂದ ಕೆಲಸ ನಡೆಯುವಾಗ ಡಬ್ಬಿಯ ಮೇಲೆ ಒಂದು ಕಣ್ಣಿರಲಿ. ಚೆಲ್ಲಿದ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಲಿವರು ಗಟ್ಟಿಯಾಗಿದೆಯೇ ಎಂದು ಅಂಗಳದಲ್ಲೇ ನೋಡಿಕೊಂಡು, ಆಮೇಲೆ ಘಾಟಿಗೆ ಹೊರಡಿ.