ಹಿಂದೆ ಬರುವವರಿಗೊಂದು ದೀಪ

ಕಾರಿನ ಅಂದ ಹೇಳುವವರೆಲ್ಲ ಅದರ ಮುಖದ ಅಂದವನ್ನೇ ಹೇಳುತ್ತಾರೆ. ಅಂಬಾಸಡರ್ ಎಂದರೆ ಎರಡು ದುಂಡು ಕಣ್ಣು, ಹಲ್ಲು ಕಿರಿದಂಥ ಜಾಲರಿ, ಉಬ್ಬಿದ ಬಾನೆಟ್ಟು. ಅದರ ಬೆನ್ನನ್ನು ವರ್ಣಿಸಿದವರನ್ನು ನಾನು ಕಂಡಿಲ್ಲ. ಆದರೆ ಘಟ್ಟದ ಮೇಲಿನ ನಮಗೆ ವಾಹನದ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಿತ. ಆಷಾಢದ ಒಂದು ಸಂಜೆ ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿದು ನೋಡಿ. ಮಂಜು ರಸ್ತೆಗೇ ಇಳಿದಿರುತ್ತದೆ. ಮುಂದೆ ಹೋಗುವ ಗಾಡಿಯ ಎರಡು ಕೆಂಪು ಚುಕ್ಕಿಗಳೇ ಆಗ ನಮಗೆ ದಾರಿ, ತಿರುವು, ಧೈರ್ಯ ಎಲ್ಲವೂ.

ಈ ಚುಕ್ಕಿಗೂ ಒಂದು ಇತಿಹಾಸವಿದೆ. ನಮ್ಮ ಘಟ್ಟಗಳಲ್ಲಿ ಮೊದಲು ಓಡಾಡಿದ್ದು ಎತ್ತಿನ ಗಾಡಿಗಳು. ಉತ್ತರ ಕನ್ನಡ 1862ರಲ್ಲಿ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ಹಿಂದೂಸ್ಥಾನದತ್ತ ಕೈಚಾಚಿದ್ದ ಕಾಲ ಅದು. ಬಯಲುಸೀಮೆಯ ಹತ್ತಿ, ನಮ್ಮ ಅಡಿಕೆ, ಮೆಣಸು ಎಲ್ಲವೂ ಘಟ್ಟವಿಳಿದು ಬಂದರು ಸೇರಬೇಕಿತ್ತು. ರಾತ್ರಿ ಸಾಗುವ ಗಾಡಿಯ ಅಡಿಯಲ್ಲಿ ಒಂದು ಕಂದೀಲು ತೂಗುತ್ತಿತ್ತು. ಎತ್ತಿಗೆ ದಾರಿ ಗೊತ್ತು, ಗಾಡಿಯವನಿಗೆ ನಿದ್ದೆ. ಹಾಗಾದರೆ ಕಂದೀಲು ಯಾರಿಗಾಗಿ? ಮುಖ್ಯವಾಗಿ ಎದುರಿಗೆ ಬರುವವನಿಗೆ, ಹಿಂದೆ ಬರುವವನಿಗೆ.

ಮೋಟಾರು ಬಂದಮೇಲೆ ಮುಂದಿನ ದೀಪಕ್ಕೆ ಸಿಕ್ಕ ಮರ್ಯಾದೆ ಹಿಂದಿನದಕ್ಕೆ ಬೇಗ ಸಿಗಲಿಲ್ಲ. ನಿಲ್ಲುವ ಸೂಚನೆ ಕೊಡಲು ಚಾಲಕ ಕೈಯನ್ನೇ ಹೊರಗೆ ಚಾಚಬೇಕಿತ್ತು. ಇಲ್ಲಿ ನೆನೆಯಬೇಕಾದ ಒಬ್ಬ ಹೆಂಗಸು ಫ್ಲಾರೆನ್ಸ್ ಲಾರೆನ್ಸ್. ಆಕೆ ಅಮೆರಿಕದ ಮೂಕಿಚಿತ್ರಗಳ ಹೆಸರಾಂತ ನಟಿ, ಸ್ವತಃ ಕಾರು ಓಡಿಸುತ್ತಿದ್ದವಳು. 1914ರ ಸುಮಾರಿಗೆ, ಬ್ರೇಕು ತುಳಿದೊಡನೆ ಕಾರಿನ ಹಿಂದೆ ‘ನಿಲ್ಲಿ’ ಎಂಬ ಫಲಕ ಏಳುವಂತೆ ಆಕೆ ಉಪಾಯ ಮಾಡಿದಳೆಂದು ಹೇಳುತ್ತಾರೆ. ಅದರ ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲಿಲ್ಲ, ಕಾಸೂ ಸಿಗಲಿಲ್ಲ. ಇಂದು ಪ್ರತಿ ಬ್ರೇಕ್ ದೀಪ ಹತ್ತಿದಾಗಲೂ ಆ ಫಲಕದ ಬುದ್ಧಿಯೇ ಬೆಳಗುತ್ತದೆ. ಹೆಸರು ಮಾತ್ರ ಕತ್ತಲಲ್ಲಿದೆ. ಹೆಂಗಸರ ಎಷ್ಟೋ ಕೆಲಸಗಳ ಪಾಡು ಇದೇ ಅಲ್ಲವೆ?

ನಮ್ಮ ದೇಶದಲ್ಲಿ ಬಹುಕಾಲ ಕಾರು ಎಂದರೆ ಎರಡೇ: ಫಿಯೆಟ್ ಮತ್ತು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆ 1957-58ರಿಂದ ಅಂಬಾಸಡರನ್ನು ತಯಾರಿಸತೊಡಗಿತು. ಮದುವೆಯ ದಿಬ್ಬಣ, ಬಾಣಂತಿ, ಆಸ್ಪತ್ರೆಯ ರೋಗಿ, ಮಠದ ಯತಿಗಳು, ಕೆಲವೊಮ್ಮೆ ಅಡಿಕೆ ಚೀಲ ಎಲ್ಲಕ್ಕೂ ಅದೇ ವಾಹನ. ಬೆನ್ನಿನಲ್ಲಿ ಕೆಂಪು ಗಾಜಿನ ಹಿಂದೆ ಒಂದು ಬಲ್ಬು, ಅದರೊಳಗೆ ಎರಡು ತಂತಿ. 5 ವಾಟಿನದು ರಾತ್ರಿಯಿಡೀ ಮಿಣುಕಲು, 21 ವಾಟಿನದು ಬ್ರೇಕು ತುಳಿದಾಗ ಉರಿಯಲು. ತಂತಿ ಕಾದು ಕೆಂಪಗಾಗಿ ಬೆಳಕು ಕೊಡುವುದು 1879ರ ಎಡಿಸನ್ ಕಾಲದ ತತ್ವ. ಅದರಲ್ಲಿ ಬೆಳಕಿಗಿಂತ ಬಿಸಿಯೇ ಹೆಚ್ಚು.

ಮನೆಯ ದೀಪದ ಕತೆಯೂ ಬೇರೆಯಲ್ಲ. ಸಿದ್ದಾಪುರದ ಮಗ್ಗುಲಿನ ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರ ಆರಂಭವಾಯಿತು. ಆದರೂ ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಆಮೇಲೂ ಬಹುಕಾಲ ಚಿಮಣಿ ಬುಡ್ಡಿಯೇ ಗತಿ. ಕರೆಂಟು ಬಂದಮೇಲೆ ತಂತಿಯ ಬಲ್ಬು. 2015ರಿಂದ ಸರಕಾರದ ಯೋಜನೆಯಲ್ಲಿ ಅಗ್ಗವಾಗಿ ಸಿಕ್ಕ ಎಲ್‌ಇಡಿ.

ಈ ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ಅರೆವಾಹಕದ ಒಂದು ಹರಳಿನಲ್ಲಿ ವಿದ್ಯುತ್ತು ಹರಿದಾಗ ಅದು ನೇರವಾಗಿ ಬೆಳಕು ಬೀರುತ್ತದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ನಿಕ್ ಹೊಲೊನ್ಯಾಕ್ ಎಂಬ ವಿಜ್ಞಾನಿ ತೋರಿಸಿದರು. ನೀಲಿಗೆ ಇನ್ನೂ ಮೂರು ದಶಕ ಕಾಯಬೇಕಾಯಿತು. ನೀಲಿ ಸಿಕ್ಕಮೇಲೆ ಬಿಳಿ ಬೆಳಕು ಸಾಧ್ಯವಾಯಿತು. ಅದಕ್ಕಾಗಿ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದೂ ಅದೇ 2014ರ ಮೇ ತಿಂಗಳಲ್ಲಿ.

ಇಷ್ಟೆಲ್ಲ ನಾನು ಓದಿ ತಿಳಿಯಲು ಕಾರಣ ನಮ್ಮ ಮನೆಯ ಒಂದು ಜಗಳ. ಮಾವನವರು 1985ರಲ್ಲಿ ಕೊಂಡ ಅಂಬಾಸಡರ್ ಇನ್ನೂ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿದೆ, ಇನ್ನೂ ಓಡುತ್ತದೆ. ಈಗ ಅದನ್ನು ಓಡಿಸುವವಳು ಮಗಳು. ಕುಮಟೆಯಲ್ಲಿ ಕೆಲಸ, ವಾರಕ್ಕೊಮ್ಮೆ ಕತ್ತಲಾದಮೇಲೆ ದೇವಿಮನೆ ಹತ್ತಿ ಬರುತ್ತಾಳೆ. ಹಿಂದಿನ ದೀಪಕ್ಕೆ ಎಲ್‌ಇಡಿ ಹಾಕಿಸುತ್ತೇನೆ ಎಂದಳು. ನಮ್ಮ ಭಾವನವರು ಒಪ್ಪಲಿಲ್ಲ. “ಅಪ್ಪಯ್ಯ ತಂದ ಗಾಡಿ, ಹೇಗಿತ್ತೋ ಹಾಗೇ ಇರಲಿ. ಇವತ್ತು ದೀಪ ಅಂತೀರಿ, ನಾಳೆ ಸೀಟು, ನಾಡಿದ್ದು ಇಂಜಿನ್ನು. ಆಮೇಲೆ ಉಳಿಯೂದು ಎಂತು?”

ಅವರ ಮಾತಿನಲ್ಲಿ ಹುರುಳಿದೆ. 50 ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ಕೇಂದ್ರದ ನಿಯಮವೂ ವಾಹನದ ಮೂಲರೂಪ ಉಳಿದಿರಬೇಕೆನ್ನುತ್ತದೆ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಬೇರೊಂದು ಮುಖ. ನನ್ನ ತರಗತಿಯಲ್ಲಿ ಕಲಿತ ಹುಡುಗನೊಬ್ಬ ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿಯುತ್ತಿದ್ದಾಗ, ಕೆಟ್ಟು ನಿಂತ ಲಾರಿಯ ಹಿಂಬದಿಗೆ ಬೈಕು ಬಡಿದು ತೀರಿಕೊಂಡ. ಲಾರಿಗೆ ದೀಪವಿರಲಿಲ್ಲ, ಹಿಂದೆ ಒಂದು ಸೊಪ್ಪಿನ ಟೊಂಗೆ ಸಿಕ್ಕಿಸಿದ್ದರಂತೆ. ಕತ್ತಲಲ್ಲಿ ಹಸಿರು ಯಾರಿಗೆ ಕಂಡೀತು? ಅವನ ತಾಯಿ ಆಮೇಲೆ ನನ್ನನ್ನು ಕೇಳಿದ್ದು ಒಂದೇ: “ಅಕ್ಕೋರೆ, ಒಂದು ದೀಪಕ್ಕೆ ಎಷ್ಟು ಬೀಳ್ತದೆ?” ಅದಕ್ಕೆ ಉತ್ತರ ಯಾವ ಪಾಠದಲ್ಲೂ ನನಗೆ ಸಿಕ್ಕಿಲ್ಲ.

ಲೆಕ್ಕ ಹೀಗಿದೆ. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಎಲ್‌ಇಡಿ ತಕ್ಷಣ ಹತ್ತುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಹಿಂದಿನ ಗಾಡಿ ಅಷ್ಟರಲ್ಲಿ ಸುಮಾರು 11 ಅಡಿ ಮುಂದೆ ಬಂದಿರುತ್ತದೆ. ಘಟ್ಟದ 40ರ ವೇಗದಲ್ಲಾದರೂ 7 ಅಡಿ. ಏಳು ಅಡಿ ಎಂದರೆ ಒಬ್ಬ ಮನುಷ್ಯನ ಉದ್ದಕ್ಕಿಂತ ಹೆಚ್ಚು.

ಕೊನೆಗೆ ಭಾವನವರೇ ಮುಂದೆ ನಿಂತು ಕೆಲಸ ಮಾಡಿಸಿದರು. ಶಿರಸಿಯ ಒಬ್ಬ ಹಳೆಯ ಎಲೆಕ್ಟ್ರಿಷಿಯನ್ ಮೊದಲು ಬಲ್ಬನ್ನು ಮುಟ್ಟಲೇ ಇಲ್ಲ. ಹೋಲ್ಡರಿನ ತುಕ್ಕು ಕೆರೆದು, ಅರ್ಥಿಂಗಿನ ತಂತಿಯನ್ನು ಉಜ್ಜಿ ಬಿಗಿದ. ಹಳೆಯ ಬಲ್ಬೇ ಎರಡು ಪಟ್ಟು ಉರಿದಂತೆ ಕಂಡಿತು! ನಮ್ಮ ಮಳೆಯಲ್ಲಿ ದೀಪ ಮಂಕಾಗಲು ಬಲ್ಬಿಗಿಂತ ತುಕ್ಕೇ ಹೆಚ್ಚು ಕಾರಣವಂತೆ. ಆಮೇಲೆ ಎಲ್‌ಇಡಿ ಹಾಕಿದ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು. ಬಿಳಿಯದರಲ್ಲಿ ಕೆಂಪಿನ ಅಂಶ ಕಡಿಮೆಯಾದ್ದರಿಂದ ಗಾಜು ಬಹುಪಾಲು ಬೆಳಕನ್ನು ನುಂಗುತ್ತದೆ. ತಿರುವಿನ ದೀಪಕ್ಕೆ ಹಾಕಿದರೆ ಮಿಟುಕಿಸುವ ಪೆಟ್ಟಿಗೆಯನ್ನೂ ಬದಲಿಸಬೇಕು. ಹಳೆಯದು ಬಲ್ಬು ಎಳೆಯುವ ಕರೆಂಟಿನಿಂದಲೇ ಲಯ ಹಿಡಿಯುವಂಥದು. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದರಿಂದ ಧನ-ಋಣ ನೋಡಿಯೇ ಜೋಡಿಸಬೇಕು. ಎಲ್ಲಕ್ಕಿಂತ ಮುಖ್ಯ, ರಾತ್ರಿಯ ಮಿಣುಕಿಗೂ ಬ್ರೇಕಿನ ಹೊಳಪಿಗೂ ಅಂತರ ಚೆನ್ನಾಗಿ ಕಾಣಬೇಕು. ಹಿಂದಿನ ಕೆಂಪು ದೀಪ 155 ಮೀಟರಿನಿಂದ ಕಾಣಬೇಕೆಂದು 1989ರ ಮೋಟಾರು ವಾಹನ ನಿಯಮ ಹೇಳುತ್ತದೆ. ಭಾವನವರು ಕೊಡೆ ಹಿಡಿದು ರಸ್ತೆಯುದ್ದಕ್ಕೂ ಹೆಜ್ಜೆ ಎಣಿಸುತ್ತ ಹೋಗಿ, ದೂರದಿಂದ ಕೂಗಿ ಹೇಳಿದರು: “ಕಾಣ್ತು!”

ತೆಗೆದ ಬಲ್ಬುಗಳನ್ನು ಅರಿವೆಯಲ್ಲಿ ಸುತ್ತಿ ಕಾರಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇವೆ. ಬೇಕೆಂದಾಗ ಮತ್ತೆ ಹಾಕಬಹುದು. ಕೆಂಪು ಗಾಜು, ಹೋಲ್ಡರು ಎಲ್ಲ ಹಳೆಯವೇ.

ಹಳೆಯದನ್ನು ಕಾಪಾಡುವುದೆಂದರೆ ಅದನ್ನು ಕಪಾಟಿನಲ್ಲಿಡುವುದು ಎಂದು ನಾನು ತಿಳಿದಿಲ್ಲ. ಅಜ್ಜಿಯ ಕಾಲದ ಹಿತ್ತಾಳೆ ದೀಪಕ್ಕೆ ನಾವು ದಿನವೂ ಹೊಸ ಬತ್ತಿ ಹೊಸೆದು ಹಾಕುವುದಿಲ್ಲವೆ? ದೀಪ ಹಳೆಯದಾಗಿಯೇ ಉಳಿಯುತ್ತದೆ, ಬೆಳಕು ಮಾತ್ರ ಇಂದಿನದು. ಮುಂದಿನ ದೀಪ ನಮ್ಮ ಅನುಕೂಲಕ್ಕೆ. ಹಿಂದಿನ ದೀಪ ನಾವು ಗುರುತು ಕೂಡ ಹಿಡಿಯದ ಯಾರದೋ ಮನೆಯ ಮಗನಿಗೆ, ಮಗಳಿಗೆ. ಮನೆಯಲ್ಲಿ ವಾಹನವಿದ್ದವರು ಒಂದು ಸಂಜೆ ಅದರ ಹಿಂದೆ ನೂರು ಹೆಜ್ಜೆ ನಡೆದು ಹೋಗಿ, ತಿರುಗಿ ನೋಡಿರಿ.