ಹೇಳಲಾಗದ ನೋವು, ಕೇಳದ ನೋವು

ಅಂಕೋಲೆಯಿಂದ ಕಾರವಾರದ ಮೀನುಪೇಟೆಗೆ ಬೆಳಗಿನ ಬಸ್ಸು ಹಿಡಿಯುತ್ತಿದ್ದ ನನ್ನತ್ತೆ, ಹೊರಡುವ ಮುನ್ನ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಎಲ್ಲಿಗೆ ಹೋಗುವುದು ಎಂಬ ಚಿಂತೆ. ಅದರಿಂದಲೇ ಎಂದಲ್ಲ, ಆದರೆ ಕೆಲವು ವರ್ಷಗಳ ಮೇಲೆ ಅವಳಿಗೆ ಕಿಬ್ಬೊಟ್ಟೆಯ ನೋವು ಶುರುವಾಯಿತು. ಮೂತ್ರ ತುಂಬಿದಂತೆಲ್ಲ ನೋವು, ಹೋಗಿಬಂದರೆ ತುಸು ನೆಮ್ಮದಿ. ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ‘ಎಲ್ಲ ಸರಿ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ವೈದ್ಯರೊಬ್ಬರು ಕಳಿಸಿಕೊಟ್ಟರು.

‘ಎಲ್ಲ ಸರಿ ಇದ್ರೆ ನೋಯೂದು ಯಾಕೆ ಮಗಾ?’ ಎಂದು ಅತ್ತೆ ಕೇಳಿದ್ದಳು. ವೈದ್ಯಕೀಯ ಇತಿಹಾಸ ಓದುವ ನಾನು ಆ ಪ್ರಶ್ನೆಯ ಬೆನ್ನು ಹತ್ತಿದಾಗ ಎದುರಾದದ್ದು ಇಲಿ ಮತ್ತು ಬೆಕ್ಕುಗಳ ಕತೆ.

‘ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್’ ಎಂಬ ಹೆಸರು 19ನೇ ಶತಮಾನದಲ್ಲೇ ಇತ್ತು. 1915ರಲ್ಲಿ ಅಮೆರಿಕದ ವೈದ್ಯ ಗೈ ಹನ್ನರ್ ಕೆಲವು ಮಹಿಳೆಯರ ಮೂತ್ರಕೋಶದಲ್ಲಿ ವಿಶಿಷ್ಟ ಹುಣ್ಣನ್ನು ಗುರುತಿಸಿದರು. ಆದರೆ ಹೆಚ್ಚಿನ ರೋಗಿಗಳಲ್ಲಿ ಆ ಹುಣ್ಣು ಇರುವುದಿಲ್ಲ. ಕಣ್ಣಿಗೆ ಕಾಣದ ನೋವನ್ನು ವೈದ್ಯಲೋಕ ದಶಕಗಳ ಕಾಲ ಹೆಂಗಸರ ಮನಸ್ಸಿನ ತಲೆಗೆ ಕಟ್ಟಿತು.

ಇಲಿಗಳ ಮಾದರಿ ಹುಟ್ಟಿದ್ದು ಕ್ಯಾನ್ಸರ್ ಔಷಧಿಯಿಂದ. 1950ರ ದಶಕದ ಕೊನೆಗೆ ಬಳಕೆಗೆ ಬಂದ ಸೈಕ್ಲೋಫಾಸ್ಫಮೈಡ್ ಕೆಲವು ರೋಗಿಗಳ ಮೂತ್ರದಲ್ಲಿ ರಕ್ತ ಬರಿಸುತ್ತಿತ್ತು. ಅದು ದೇಹದಲ್ಲಿ ಒಡೆದಾಗ ಉಂಟಾಗುವ ಅಕ್ರೋಲೀನ್ ಮೂತ್ರಕೋಶದ ಒಳಪದರವನ್ನು ಕೆಡಿಸುತ್ತದೆ ಎಂಬುದು 1979ರಲ್ಲಿ ಸ್ಪಷ್ಟವಾಯಿತು. ಅದನ್ನೇ ಇಲಿಗೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಉರಿಯೂತ. ಆದರೆ ನೋಯುತ್ತಿದೆಯೇ ಎಂದು ಇಲಿಯನ್ನು ಕೇಳುವಂತಿಲ್ಲವಲ್ಲ! ಹಾಗಾಗಿ 1990ರ ದಶಕದಲ್ಲಿ ಸಂಶೋಧಕರು ಅದನ್ನು ಗಮನಿಸುತ್ತ ಕೂತರು. ಬೆನ್ನು ಬಾಗಿದೆಯೇ? ಕಣ್ಣು ಅರೆಮುಚ್ಚಿದೆಯೇ? ಉಸಿರು ನಿಧಾನವಾಗಿದೆಯೇ? ಒಂದೊಂದಕ್ಕೂ ಅಂಕ. ಕಿಬ್ಬೊಟ್ಟೆಗೆ ತೆಳುವಾದ ಎಳೆಯನ್ನು ಒತ್ತಿ, ಎಷ್ಟು ಒತ್ತಿದರೆ ಇಲಿ ಬೆಚ್ಚುತ್ತದೆ ಎಂದು ಅಳೆಯುವುದು ಇನ್ನೊಂದು ದಾರಿ.

ಈ ಮಾದರಿಗೆ ಮಿತಿಯಿದೆ. ಒಂದು ಚುಚ್ಚುಮದ್ದಿನ ಗಾಯ ಬೇಗ ಮಾಯುತ್ತದೆ. ಮನುಷ್ಯರ ನೋವು ವರ್ಷಗಟ್ಟಲೆ ಉಳಿಯುತ್ತದೆ, ಹಲವೊಮ್ಮೆ ದೊಡ್ಡ ಉರಿಯೂತವೇ ಇಲ್ಲದೆ. ಅಲ್ಲಿಗೆ ಬಂದದ್ದು ಬೆಕ್ಕು. ಸಾಕುಬೆಕ್ಕುಗಳಿಗೆ ಇಂಥದೇ ಕಾಯಿಲೆ ತಾನಾಗಿ ಬರುತ್ತದೆ. ಅಮೆರಿಕದ ಒಹಾಯೊದ ಪಶುವೈದ್ಯ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ಅವುಗಳನ್ನು ಅಧ್ಯಯನ ಮಾಡುತ್ತ ಕಂಡದ್ದು ಮೂತ್ರಕೋಶವನ್ನು ಮೀರಿದ ಸಂಗತಿ. ಅಡಗಿಕೊಳ್ಳಲು ಜಾಗ, ಹೊತ್ತಿಗೆ ಸರಿಯಾಗಿ ಊಟ, ಪರಿಚಿತ ಕೈಗಳ ಆರೈಕೆ ಸಿಕ್ಕಾಗ ಬೆಕ್ಕುಗಳು ಸುಧಾರಿಸಿದವು. ದಿನಚರಿ ತಪ್ಪಿದರೆ ತೊಂದರೆ ಮರಳುತ್ತಿತ್ತು. ಬದುಕಿನ ಒತ್ತಡ ನೋವನ್ನು ಹೆಚ್ಚಿಸಬಲ್ಲದು. ಹಾಗೆಂದು ಆ ನೋವು ಸುಳ್ಳಲ್ಲ.

ಈ ತಿಳಿವಿಗೆ ಪ್ರಾಣಿಗಳು ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಪ್ರಯೋಗಕ್ಕೆ ಬದಲಿ ಹುಡುಕಿ, ಸಂಖ್ಯೆ ತಗ್ಗಿಸಿ, ಯಾತನೆ ಕಡಿಮೆ ಮಾಡಿ ಎಂದು 1959ರಲ್ಲಿ ರಸೆಲ್ ಮತ್ತು ಬರ್ಚ್ ಬರೆದರು. ಮರುವರ್ಷವೇ ಭಾರತದಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಗೂ ಅದರಲ್ಲಿ ಅವಕಾಶವಿತ್ತು.

ಕಳೆದ ರಜೆಯಲ್ಲಿ ಅತ್ತೆಯ ಜೊತೆ ಅದೇ ಬಸ್ಸಿನಲ್ಲಿ ಹೋದೆ. ಮುಂದಿನ ಸೀಟಿನ ಸರಳು ಹಿಡಿದು ಕೂತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಅರೆಮುಚ್ಚಿತ್ತು, ಉಸಿರು ಬಿಗಿಹಿಡಿದಿದ್ದಳು. ಇಲಿಯಾಗಿದ್ದರೆ ಯಾರಾದರೂ ಅಂಕ ಬರೆದುಕೊಳ್ಳುತ್ತಿದ್ದರು. ಅತ್ತೆಗೆ ಬಾಯಿದೆ, ಹೇಳಿಯೂ ಇದ್ದಾಳೆ.